ಸಿಂಹಕ್ಕೆ ಎರಡನೇ ಮನೆ: ಮೂವತ್ತು ವರ್ಷದ ಸಿಕ್ಕು

ಗುಜರಾತಿನ ಗಿರ್ ಸಿಂಹಗಳ ಸುದ್ದಿ ಓದುತ್ತಾ ಹೋದರೆ ತಲೆ ಗೊಂದಲವಾಗುತ್ತದೆ. 2025ರ ಗಣತಿಯಲ್ಲಿ 891 ಸಿಂಹ ಅಂತ ಸಂಭ್ರಮ. ಅದರ ಪಕ್ಕದಲ್ಲೇ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತ ಸಿಂಹದ ಸುದ್ದಿ. ಅವುಗಳಿಗೆ ಎರಡನೇ ಮನೆ ಎಲ್ಲಿ ಅಂದರೆ ಒಬ್ಬರು ಮಧ್ಯಪ್ರದೇಶದ ಕುನೊ ಅಂತಾರೆ, ಇನ್ನೊಬ್ಬರು ಗುಜರಾತಿನದೇ ಬರ್ಡಾ ಅಂತಾರೆ, ನಡುವೆ ಸುಪ್ರೀಂ ಕೋರ್ಟ್ ಬರುತ್ತದೆ. ಸಿಂಹಗಳು ಚೆನ್ನಾಗಿವೆಯಾ, ಕಷ್ಟದಲ್ಲಿವೆಯಾ? ಎರಡೂ ಹೌದು.

ಹಳೆಯ ಕಥೆ ಬೇಗ ಮುಗಿಯುತ್ತದೆ. ಸಿರಿಯಾದಿಂದ ಬಿಹಾರದವರೆಗೆ ಓಡಾಡಿಕೊಂಡಿದ್ದ ಏಷ್ಯಾದ ಸಿಂಹ, ಬಂದೂಕು ಬಂದ ಮೇಲೆ ಕರಗುತ್ತಾ ಹೋಗಿ, 1900ರ ಹೊತ್ತಿಗೆ ಭಾರತದಲ್ಲಿ ಗಿರ್ ಕಾಡೊಂದರಲ್ಲೇ ಉಳಿಯಿತು. ಜುನಾಗಢದ ನವಾಬರು ಬೇಟೆಗೆ ಕಡಿವಾಣ ಹಾಕಿದರು. 1965ರಲ್ಲಿ ಗಿರ್ ಅಭಯಾರಣ್ಯವಾಯಿತು. 1968ರಲ್ಲಿ ಎಣಿಸಿದಾಗ ಇದ್ದದ್ದು 177. 2010ಕ್ಕೆ 411 ಆದವು.

ಆದರೆ ಕಾಡು ಬೆಳೆಯಲಿಲ್ಲ. ಅದು ಇದ್ದದ್ದೇ ಸುಮಾರು 1,400 ಚದರ ಕಿಲೋಮೀಟರ್. ಹಾಗಾದರೆ ಹೆಚ್ಚಾದ ಸಿಂಹಗಳು ಎಲ್ಲಿಗೆ ಹೋದವು? ಇದಕ್ಕೆ ಅವುಗಳ ಸಂಸಾರವನ್ನು ಸ್ವಲ್ಪ ನೋಡಬೇಕು.

ಆಫ್ರಿಕಾದ ಸಿಂಹಗಳಲ್ಲಿ ಗಂಡು, ಹೆಣ್ಣು ಒಟ್ಟಿಗೆ ಬಾಳುತ್ತವೆ, ಗಿರ್‌ನಲ್ಲಿ ಹಾಗಲ್ಲ. ಹೆಣ್ಣುಗಳದ್ದು ಚಿಕ್ಕ ಗುಂಪು, ಜೊತೆಗೆ ಮರಿಗಳು. ಗಂಡುಗಳು ಎರಡು ಮೂರು ಸೇರಿ ತಂಡ ಕಟ್ಟಿಕೊಂಡು ಬೇರೆಯೇ ತಿರುಗುತ್ತವೆ. ಬೆದೆಗೆ ಬಂದಾಗ, ಇಲ್ಲ ದೊಡ್ಡ ಬೇಟೆ ಬಿದ್ದಾಗ ಮಾತ್ರ ಭೇಟಿ. ಇಲ್ಲಿ ಸಿಗುವುದು ಹೆಚ್ಚಾಗಿ ಜಿಂಕೆ. ಒಂದು ಜಿಂಕೆ ಎಷ್ಟು ಹೊಟ್ಟೆ ತುಂಬಿಸೀತು, ಹೇಳಿ. ಹೊಸ ಗಂಡುಗಳು ಬಂದು ಜಾಗ ಹಿಡಿದರೆ ಹಳಬರ ಮರಿಗಳನ್ನು ಕೊಂದುಬಿಡುತ್ತವೆ. ಅದಕ್ಕೆ ಗಿರ್‌ನ ಹೆಣ್ಣು ಒಂದು ಉಪಾಯ ಕಂಡುಕೊಂಡಿದೆ. ಸುತ್ತಮುತ್ತಲಿನ ಒಂದಕ್ಕಿಂತ ಹೆಚ್ಚು ಗಂಡು ತಂಡಗಳ ಜೊತೆ ಕೂಡುತ್ತದೆ. ಮರಿ ಯಾರದ್ದೆಂದು ಗೊತ್ತಾಗದೆ ಎಲ್ಲರೂ ಸುಮ್ನಿರುತ್ತಾರೆ! ಮರಿಗಳು ಹೀಗೆ ಬದುಕಿಕೊಂಡರೂ, ಗಂಡು ಮರಿಗೆ ಮೂರು ವರ್ಷವಾಗುತ್ತಿದ್ದಂತೆ ಹುಟ್ಟಿದ ಜಾಗ ಬಿಡಲೇಬೇಕು. ಒಳಗೆ ಎಲ್ಲ ಕಡೆ ಬಲಿತ ಗಂಡುಗಳ ಗಡಿ. ಉಳಿದ ದಾರಿ ಹೊರಕ್ಕೆ.

ಹೀಗೆ ಹೊರಟವು ಶೇತ್ರುಂಜಿ ನದಿಯ ದಂಡೆ ಹಿಡಿದು ಅಮ್ರೇಲಿ, ಭಾವನಗರದ ಕಡೆ ನಡೆದವು. ಕೆಲವು ಕಡಲತೀರಕ್ಕೇ ಹೋದವು. ಹಗಲೆಲ್ಲ ಮಾವಿನ ತೋಟದ ನೆರಳಲ್ಲಿ, ಇಲ್ಲವೇ ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದೇ ಮುಳ್ಳಿನ ಪೊದೆಯೊಳಗೆ ಮಲಗಿರುತ್ತವೆ. ಕತ್ತಲಾದ ಮೇಲೆ ಹತ್ತಿ, ಕಡ್ಲೆಕಾಯಿ ಹೊಲಗಳ ಬದುವಿನ ಮೇಲೆ ಓಡಾಟ. ಅದೇ ಹೊತ್ತಿಗೆ ಪಂಪಿಗೆ ಕರೆಂಟು ಬಂತೆಂದು ರೈತ ಬ್ಯಾಟರಿ ಹಿಡಿದು ನೀರು ಕಟ್ಟಲು ಬಂದಿರುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗುವುದೇ ಹೆಚ್ಚು. ನೀಲಗಾಯಿ, ಕಾಡುಹಂದಿಗಳ ಕಾಟ ತಗ್ಗುತ್ತದೆಂದು ಅಲ್ಲಿನ ಎಷ್ಟೋ ರೈತರಿಗೆ ಸಿಂಹ ಬೇಕು. ಹಂದಿ ಕಾಯಲು ರಾತ್ರಿಯಿಡೀ ಎದ್ದಿರುವ ನಮ್ಮ ಮಲೆನಾಡಿನವರಿಗೆ ಈ ಮಾತು ಅರ್ಥವಾಗುತ್ತದೆ. ಎಮ್ಮೆ ಕಳೆದುಕೊಂಡವರ ಮಾತು ಬೇರೆ ಇರುತ್ತದೆ, ಅದೂ ನ್ಯಾಯವೇ.

ತೊಂದರೆಯೂ ಇಲ್ಲೇ ಇತ್ತು. ಕಟ್ಟೆ ಇಲ್ಲದ ತೆರೆದ ಬಾವಿಗಳಿಗೆ ಬಿದ್ದು ಸಿಂಹಗಳು ಸತ್ತವು. ಪಿಪಾವಾವ್ ಬಂದರಿನ ರೈಲು ಹಳಿ ಅವು ತಿರುಗುವ ಜಾಗದ ನಡುವೆಯೇ ಹಾದುಹೋಗುತ್ತದೆ. ಇನ್ನು ಊರಾಚೆ ಎಸೆದ ಸತ್ತ ದನ. ರಾತ್ರಿ ಸಿಂಹ ತಿಂದು ಬಿಟ್ಟದ್ದನ್ನು ಬೆಳಿಗ್ಗೆ ಬೀದಿನಾಯಿ ತಿನ್ನುತ್ತದೆ. ನಾಯಿ ಎಂಜಲು ಮಾಡಿದ್ದಕ್ಕೆ ಸಿಂಹ ಮತ್ತೆ ಬಾಯಿ ಹಾಕುತ್ತದೆ.

2018ರ ಸೆಪ್ಟೆಂಬರ್‌ನಲ್ಲಿ ಗಿರ್ ಪೂರ್ವದ ದಲ್ಖಾನಿಯಾ ವಲಯದಲ್ಲಿ ಸಿಂಹಗಳು ಒಂದರ ಹಿಂದೊಂದು ಸಾಯತೊಡಗಿದವು. ಕೆಲವೇ ವಾರಗಳಲ್ಲಿ 23. ಪರೀಕ್ಷೆಯಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್, ಜೊತೆಗೆ ಉಣ್ಣಿ ಕಚ್ಚಿ ಹರಡುವ ಬೆಬೇಸಿಯಾ ಎಂಬ ರೋಗಾಣು. ಅಮೆರಿಕದಿಂದ ಲಸಿಕೆ ತರಿಸಬೇಕಾಯಿತು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಮೂರನೇ ಒಂದು ಭಾಗ ಸಿಂಹಗಳನ್ನು ಕೊಂದದ್ದೂ ಡಿಸ್ಟೆಂಪರೇ. ಆಫ್ರಿಕಾದಲ್ಲಿ ಸಿಂಹಗಳು ಬೇರೆ ಕಡೆಯೂ ಇದ್ದವು. ಏಷ್ಯಾದ ಸಿಂಹಕ್ಕೆ ಬೇರೆ ಕಡೆ ಅನ್ನುವುದೇ ಇಲ್ಲ.

ಇದನ್ನು ಯಾರೂ ಮುಂಚೆ ಯೋಚಿಸಿರಲಿಲ್ಲ ಅಂತಲ್ಲ. 1957ರಲ್ಲೇ ಉತ್ತರ ಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಮೂರು ಸಿಂಹ ಒಯ್ದಿದ್ದರು. ಹನ್ನೊಂದಾದವು, ಆಮೇಲೆ ಸುಳಿವೇ ಇಲ್ಲದಂತೆ ಮಾಯವಾದವು. ತೊಂಬತ್ತರ ದಶಕದಲ್ಲಿ ಎರಡನೇ ಮನೆಯೆಂದು ಮಧ್ಯಪ್ರದೇಶದ ಕುನೊ ಕಾಡನ್ನು ಗೊತ್ತು ಮಾಡಿದರು. ಸಿಂಹ ಬರುತ್ತದೆಂದು ಅಲ್ಲಿನ 24 ಹಳ್ಳಿಗಳನ್ನು ಎಬ್ಬಿಸಿದರು. ಸಾವಿರದೈನೂರಕ್ಕೂ ಜಾಸ್ತಿ ಕುಟುಂಬ, ಬಹುತೇಕ ಸಹರಿಯಾ ಆದಿವಾಸಿಗಳು. ಗುಜರಾತ್ ಒಪ್ಪಲಿಲ್ಲ. ಸಿಂಹ ನಮ್ಮಲ್ಲೇ ಚೆನ್ನಾಗಿದೆ, ಕುನೊದಲ್ಲಿ ಬೇಟೆ ಸಾಲದು ಅಂದಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಿಂಹಗಳನ್ನು ಕುನೊಗೆ ಕಳಿಸಲು ಆರು ತಿಂಗಳ ಗಡುವು ಕೊಟ್ಟು, ಮನುಷ್ಯರ ಕಣ್ಣಿಂದಲ್ಲ, ಆ ಜೀವದ ಒಳಿತಿನಿಂದ ನೋಡಿ ಎಂದಿತು. ಆಮೇಲೆ ಸಮಿತಿ, ಸಭೆ, ಅಧ್ಯಯನ. ಇಂಥ ಕಡತಗಳ ನಡಿಗೆ ನಮಗೆ ಹೊಸದಲ್ಲ, ಅಲ್ವಾ?

ಈ ನಡುವೆ ಬರ್ಡಾ ಬಂತು. ಪೋರ್‌ಬಂದರ್ ಬಳಿಯ ಸಣ್ಣ ಗುಡ್ಡಗಾಡು. 2023ರ ಜನವರಿಯಲ್ಲಿ ಒಂದು ಗಂಡು ಸಿಂಹ ತಾನಾಗಿಯೇ ಅಲ್ಲಿಗೆ ನಡೆದು ಬಂತು, 1879ರ ನಂತರ ಮೊದಲ ಸಲ. ಈಗ ಅಲ್ಲಿ ಮರಿಗಳೂ ಇವೆ. ಎರಡನೇ ಮನೆ ಸಿಕ್ಕಿತು ಅಂತ ಗುಜರಾತ್ ಹೇಳುತ್ತದೆ. ಮನೆ ಏನೋ ಸಿಕ್ಕಿತು, ಆದರೆ ಅದೂ ಗಿರ್ ಇರುವ ಅದೇ ಸೌರಾಷ್ಟ್ರದಲ್ಲಿ. ನಡೆದು ಬಂದ ಸಿಂಹದ ಹಿಂದೆ ರೋಗವೂ ನಡೆದು ಬರಬಹುದು.

ಕುನೊದಲ್ಲಿ ಹಳ್ಳಿಗಳಿದ್ದ ಜಾಗ ಈಗ ಹುಲ್ಲುಗಾವಲು. 2022ರ ಸೆಪ್ಟೆಂಬರ್ 17ರಂದು ಆ ಕಾಡಿಗೆ ವಿಮಾನ, ಹೆಲಿಕಾಪ್ಟರ್ ಹತ್ತಿ ಎಂಟು ಪ್ರಾಣಿಗಳು ಬಂದವು. ನಮೀಬಿಯಾದ ಚೀತಾಗಳು.