ಗ್ಲಾಕೋಮಾ ಸಾಫ್ಟ್‌ವೇರ್‌ಗಳನ್ನ ಹೋಲಿಸೋವಾಗ ಏನೇನ್ ನೋಡ್ಬೇಕು

ಗ್ಲಾಕೋಮಾದಲ್ಲಿ ಕಣ್ಣಿನ ನರ ಹಾಳಾಗ್ತಾ ರೆಟಿನಾದ ನರತಂತು ಪದರ ತೆಳು ಆಗುತ್ತೆ, ಅದನ್ನ ಓಸಿಟಿ ಅನ್ನೋ ಬೆಳಕಿನ ಸ್ಕ್ಯಾನ್ ಯಂತ್ರದಲ್ಲಿ ಅಳೀತಾರೆ. ಸಿರಸ್, ಸ್ಪೆಕ್ಟ್ರಾಲಿಸ್ ಅಂತ ಎರಡು ಓಸಿಟಿ ಯಂತ್ರ ಇವೆ, ಎರಡ್ರಲ್ಲೂ ಈ ಪದರದ ದಪ್ಪ, ಅಂದ್ರೆ ಆರ್‌ಎನ್‌ಎಫ್‌ಎಲ್, ಮೈಕ್ರಾನ್‌ನಲ್ಲೇ ಬರುತ್ತೆ, ಹಾಗಂತ ಹೋದ ವರ್ಷ ಒಂದ್ರಲ್ಲಿ ಬಂದ ನಂಬರನ್ನ ಈ ವರ್ಷ ಇನ್ನೊಂದ್ರ ಪಕ್ಕ ಇಟ್ಟು ಪದರ ತೆಳು ಆಗಿದೆ ಅಂತ ಹೇಳೋಕಾಗಲ್ಲ. ಸಿರಸ್ ಡಿಸ್ಕ್ (ಕಣ್ಣಿನ ನರ ಹೊರಡೋ ಜಾಗ) ಸುತ್ತ 6×6 ಎಂಎಂ ಕ್ಯೂಬ್ ಸ್ಕ್ಯಾನ್ ಮಾಡಿ ಆಮೇಲೆ ಅದ್ರೊಳಗಿಂದ 3.46 ಎಂಎಂ ವ್ಯಾಸದ ವೃತ್ತ ತಗೊಳ್ಳುತ್ತೆ, ಸ್ಪೆಕ್ಟ್ರಾಲಿಸ್ ವೃತ್ತದ ಮೇಲೇ ಸ್ಕ್ಯಾನ್ ಮಾಡುತ್ತೆ, ಪದರದ ಗಡಿ ಎಳೆಯೋ ಅಲ್ಗಾರಿದಮ್ ಬೇರೆ, ಹೋಲಿಕೆಗೆ ಇಟ್ಕೊಂಡಿರೋ ನಾರ್ಮಲ್ ಜನರ ಡೇಟಾಬೇಸೂ ಬೇರೆ.

ಮ್ಯಾಕ್ಯುಲಾಗೆ, ಅಂದ್ರೆ ರೆಟಿನಾದ ನಡುಭಾಗಕ್ಕೆ ಬಂದ್ರೆ ಇನ್ನೂ ಗೊಂದಲ, ಇಲ್ಲಿ ನಿಧಾನವಾಗಿ ಓದ್ಕೊಳ್ಳಿ. ಸಿರಸ್‌ನ ಗ್ಯಾಂಗ್ಲಿಯಾನ್ ಸೆಲ್ ಅನಾಲಿಸಿಸ್ ಅಳೆಯೋದು ಗ್ಯಾಂಗ್ಲಿಯಾನ್ ಪದರ ಪ್ಲಸ್ ಒಳ ಪ್ಲೆಕ್ಸಿಫಾರ್ಮ್ ಪದರ. ಆಪ್ಟೋವ್ಯೂ ಅನ್ನೋ ಇನ್ನೊಂದು ಕಂಪನಿ ಯಂತ್ರದ ಜಿಸಿಸಿ (ಗ್ಯಾಂಗ್ಲಿಯಾನ್ ಸೆಲ್ ಕಾಂಪ್ಲೆಕ್ಸ್) ಇವೆರಡರ ಜೊತೆ ನರತಂತು ಪದರಾನೂ ಸೇರಿಸುತ್ತೆ, ಹಾಗಾಗಿ ಅದೇ ಕಣ್ಣಲ್ಲಿ ಜಿಸಿಸಿ ನಂಬರ್ ದೊಡ್ಡದು ಬರೋದು ಸಹಜ.

ರಿಪೋರ್ಟ್‌ನಲ್ಲಿ ಬರೋ ಬಣ್ಣ ನೋಡಿ ತೀರ್ಪು ಕೊಡ್ಬೇಡಿ ದಯವಿಟ್ಟು. ಕೆಂಪು ಅಂದ್ರೆ ಅದೇ ವಯಸ್ಸಿನ ನಾರ್ಮಲ್ ಜನರಲ್ಲಿ 1%ಗಿಂತ ಕಡಿಮೆ ಜನಕ್ಕೆ ಇಷ್ಟು ತೆಳು ಇರುತ್ತೆ ಅಂತ ಅಷ್ಟೇ, ಅದು ಡಯಾಗ್ನೋಸಿಸ್ ಅಲ್ಲ. ಜಾಸ್ತಿ ಮೈನಸ್ ಪವರ್ ಇರೋ ಕಣ್ಣಲ್ಲಿ ನರತಂತು ಕಟ್ಟುಗಳು ಟೆಂಪೊರಲ್ (ಕಿವಿ) ಕಡೆ ಸರಿದಿರ್ತವೆ, ರೋಗ ಇಲ್ದೇನೂ ಕೆಂಪು ಬರುತ್ತೆ. ಸಿರಸ್‌ನಲ್ಲಿ ಸಿಗ್ನಲ್ (ಸ್ಕ್ಯಾನ್ ಗುಣಮಟ್ಟದ ಅಂಕ) 10ಕ್ಕೆ 6ಕ್ಕಿಂತ ಕಡಿಮೆ ಇದ್ರೆ ಆ ರಿಪೋರ್ಟ್ ನಂಬೋ ಹಾಗಿಲ್ಲ. ರೋಗ ತುಂಬಾ ಮುಂದುವರಿದ್ಮೇಲೆ ಆರ್‌ಎನ್‌ಎಫ್‌ಎಲ್ ಸರಾಸರಿ 50 ಮೈಕ್ರಾನ್ ಆಸುಪಾಸು ನಿಂತುಬಿಡುತ್ತೆ, ಯಾಕಂದ್ರೆ ನರತಂತು ಸತ್ರೂ ರಕ್ತನಾಳ, ಗ್ಲಿಯಾ (ನರಕ್ಕೆ ಆಸರೆ ಕೊಡೋ ಕೋಶಗಳು) ಉಳ್ಕೊಂಡಿರ್ತವೆ. ಆ ಹಂತದಲ್ಲಿ ವಿಷುಯಲ್ ಫೀಲ್ಡ್ ಟೆಸ್ಟೇ (ಸುತ್ತಮುತ್ತ ಎಷ್ಟು ಕಾಣುತ್ತೆ ಅನ್ನೋ ಪರೀಕ್ಷೆ) ಗತಿ.

ಫಂಡಸ್ ಫೋಟೋ (ಕಣ್ಣಿನ ಒಳಗಿನ ಹಿಂಭಾಗದ ಫೋಟೋ) ನೋಡಿ ಹೇಳೋ ಎಐ ಟೂಲ್‌ಗಳದ್ದು ಬೇರೆ ಕಥೆ. ಅವು ಬಹುಮಟ್ಟಿಗೆ ಕಪ್-ಡಿಸ್ಕ್ ಅನುಪಾತ (ಡಿಸ್ಕ್ ನಡುವಿನ ಕುಳಿ ಅಂದ್ರೆ ಕಪ್, ಅದು ಡಿಸ್ಕ್‌ಗೆ ಹೋಲಿಸಿದ್ರೆ ಎಷ್ಟು ದೊಡ್ಡದು ಅನ್ನೋದು), ಕಪ್ ಸುತ್ತಿನ ಅಂಚು ಅಂದ್ರೆ ರಿಮ್‌ನ ಆಕಾರದ ಮೇಲೆ ನಿಂತಿರ್ತವೆ, ಹುಟ್ಟಿನಿಂದಲೇ ಡಿಸ್ಕ್ ದೊಡ್ಡದಿರೋರಿಗೆ ಕಪ್ ಕೂಡ ದೊಡ್ಡದೇ, ಅಲ್ಲಿ ಎಡವೋ ಚಾನ್ಸ್ ಜಾಸ್ತಿ. ಇಂಥ ಎಐ ಟೂಲ್‌ಗಳಿಗೆ ಅಂತ ನಡೆದ 2018ರ ರೆಫ್ಯೂಜ್ ಚಾಲೆಂಜ್‌ನಲ್ಲಿ ಟ್ರೈನಿಂಗ್ ಫೋಟೋಗಳು ಒಂದು ಕ್ಯಾಮೆರಾದ್ದು, ಟೆಸ್ಟ್ ಫೋಟೋಗಳು ಇನ್ನೊಂದ್ರದ್ದು ಅಂತ ಇಟ್ಟಿದ್ರು, ನನ್ ಪ್ರಕಾರ ಸಾಫ್ಟ್‌ವೇರ್ ಪರೀಕ್ಷೆ ಮಾಡೋ ಸರಿಯಾದ ಕ್ರಮ ಅದೇ.

ಆಮೇಲೆ ಟೂಲ್ ಬಗ್ಗೆ 90% ಸೆನ್ಸಿಟಿವಿಟಿ (ರೋಗ ಇರೋರಲ್ಲಿ ಎಷ್ಟು ಜನರನ್ನ ಹಿಡಿಯುತ್ತೆ), 90% ಸ್ಪೆಸಿಫಿಸಿಟಿ (ರೋಗ ಇಲ್ದೋರಲ್ಲಿ ಎಷ್ಟು ಜನಕ್ಕೆ ಇಲ್ಲ ಅಂತ ಸರಿಯಾಗಿ ಹೇಳುತ್ತೆ) ಅಂತ ಬರ್ದಿದ್ರೆ ಒಂದ್ಸಲ ಲೆಕ್ಕ ಹಾಕಿ ನೋಡಿ: 1000 ಜನರಲ್ಲಿ 30 ಜನಕ್ಕೆ ಗ್ಲಾಕೋಮಾ ಇದೆ ಅಂತ ಇಟ್ಕೊಳ್ಳಿ, ಅದು 27 ಜನರನ್ನ ಸರಿಯಾಗಿ ಹಿಡಿಯುತ್ತೆ, ಆದ್ರೆ ರೋಗ ಇಲ್ದೇ ಇರೋ 97 ಜನಕ್ಕೂ ಇದೆ ಅನ್ನುತ್ತೆ. ಸ್ಪೆಸಿಫಿಸಿಟಿ 97%ಗೆ ಏರಿದ್ರೆ ಆ 97 ಜನ ಸುಮಾರು 29ಕ್ಕೆ ಇಳೀತಾರೆ, ಅದಕ್ಕೇ ಸ್ಕ್ರೀನಿಂಗ್ ಟೂಲ್ ಆರಿಸೋವಾಗ ನಾನು ಮೊದಲು ಸ್ಪೆಸಿಫಿಸಿಟಿ ಕಾಲಂ ನೋಡ್ತೀನಿ.