ಕಾಫಿ ಕೊಟ್ಟಾಯ್ತು, ದುಡ್ಡು ಯಾವಾಗ?

ಕಾಫಿ ವ್ಯಾಪಾರದಲ್ಲಿ ಅವ್ಯವಹಾರ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು 2019ರ ಕೆಫೆ ಕಾಫಿ ಡೇ ಪ್ರಕರಣ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಬೆಳೆಗಾರರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಸದ್ದಿಲ್ಲದೆ. ಐದೋ ಹತ್ತೋ ಎಕರೆಯ ಬೆಳೆಗಾರ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ ವ್ಯಾಪಾರಿಯ ಗೋದಾಮಿಗೆ ಇಳಿಸುತ್ತಾನೆ. ಕೈಗೆ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ಮೂಟೆ ಎಷ್ಟು, ತೂಕ ಎಷ್ಟು ಅಂತ ಇರುತ್ತದೆ. ದರ ಇರುವುದಿಲ್ಲ. ‘ರೇಟು ಏರಲಿ, ಆಮೇಲೆ ಲೆಕ್ಕ ಮಾಡೋಣ’ ಅಂತ ಇಬ್ಬರೂ ಒಪ್ಪಿಕೊಂಡಿರುತ್ತಾರೆ.

ಲಕ್ಷಗಟ್ಟಲೆ ಬೆಲೆಯ ಮಾಲನ್ನು ಒಂದು ಚೀಟಿ ನಂಬಿ ಬಿಟ್ಟು ಬರುವ ಈ ಧೈರ್ಯ ಎಲ್ಲಿಂದ ಬಂತು? ನನಗನ್ನಿಸುವುದು, ಇದರ ಬೇರು ಸರ್ಕಾರದ್ದೇ ಒಂದು ವ್ಯವಸ್ಥೆಯಲ್ಲಿದೆ.

ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಕಾಫಿ ಕೇಳುವವರಿಲ್ಲದಂತಾಯಿತು. ತೋಟಗಳನ್ನು ಉಳಿಸಲು 1942ರಲ್ಲಿ ಕಾಫಿ ಕಾಯ್ದೆ ಬಂತು. ಅದರ ಪ್ರಕಾರ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ದಾಸ್ತಾನಿಗೇ, ಕೊಡಬೇಕು. ಮನೆ ಖರ್ಚಿಗೆ, ಬೀಜಕ್ಕೆ ಅಂತ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ಹೊರಗೆ ಮಾರಿದರೆ ಅಪರಾಧ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಬೀಜ ಹದ ಮಾಡುವ ಕಾರ್ಖಾನೆಗೆ) ಹೋಗುತ್ತಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕೊಯ್ದು ಆಗಿರುತ್ತಿತ್ತು.

ಆ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಪೂಲಿಗೆ ಕೊಟ್ಟ ಮೇಲೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಯಾವ ಹಕ್ಕೂ ಇಲ್ಲ. ಬರಬೇಕಾದ ಹಣ ಪಡೆಯುವ ಹಕ್ಕು ಮಾತ್ರ ಇದೆ. ‘ನಾವೇನು ಕಾಫಿ ಕೊಂಡುಕೊಳ್ಳುವುದಿಲ್ಲ, ಕಾನೂನಿನಂತೆ ವಶಕ್ಕೆ ಪಡೆಯುತ್ತೇವೆ ಅಷ್ಟೇ’ ಅಂತ ಬೋರ್ಡು ತೆರಿಗೆ ವಿಚಾರದಲ್ಲಿ ವಾದ ಮಾಡಿತು. 1988ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಇದು ಮಾರಾಟವೇ, ಬೋರ್ಡು ಖರೀದಿ ತೆರಿಗೆ ಕಟ್ಟಬೇಕು ಎಂದಿತು. ದರ ಗೊತ್ತಿಲ್ಲದೆ, ದಿನ ಗೊತ್ತಿಲ್ಲದೆ ಮಾರುವುದು. ಎಂಥ ಮಾರಾಟ, ಅಲ್ವಾ?

ಬೋರ್ಡು ದುಡ್ಡು ತಡ ಮಾಡಿರಬಹುದು, ಎತ್ತಿಕೊಂಡು ಓಡಿಹೋಗುತ್ತಿರಲಿಲ್ಲ. ಅದರ ಬೆನ್ನಿಗೆ ಸರ್ಕಾರ ಇತ್ತು. ಹಾಗಾಗಿ ಮೊದಲು ಕಾಫಿ, ಆಮೇಲೆ ದುಡ್ಡು ಅನ್ನುವುದು ಐವತ್ತು ವರ್ಷದಲ್ಲಿ ಮಾಮೂಲಿ ಆಗಿಹೋಯಿತು.

1992ರಲ್ಲಿ ಬೆಳೆಯ ಶೇ 30ರಷ್ಟನ್ನು ದೇಶದೊಳಗೆ ತಾವೇ ಮಾರಲು ಬೆಳೆಗಾರರಿಗೆ ಅವಕಾಶ ಸಿಕ್ಕಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾಯಿತು, ಇಲ್ಲಿ ರೇಟು ಜಿಗಿಯಿತು. 1996ಕ್ಕೆ ಪೂಲಿನ ಕಟ್ಟಳೆ ಪೂರ್ತಿ ಹೋಯಿತು. ಎಲ್ಲರಿಗೂ ಖುಷಿ. ಆದರೆ ಬೋರ್ಡಿನ ಜಾಗಕ್ಕೆ ಖಾಸಗಿ ವ್ಯಾಪಾರಿ ಬಂದರೂ ಕೊಟ್ಟು ಕಾಯುವ ಅಭ್ಯಾಸ ಹಾಗೇ ಉಳಿಯಿತು. ಬೆನ್ನಿಗಿದ್ದ ಸರ್ಕಾರ ಮಾತ್ರ ಇರಲಿಲ್ಲ.

ಸಣ್ಣ ಬೆಳೆಗಾರ ಕಾಫಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಲ್ಲ ಅಂತ ಕೇಳುವವರು ಮಲೆನಾಡಿನ ಮಳೆಗಾಲ ನೋಡಿಲ್ಲ. ಸರಿಯಾದ ಗೋದಾಮಿಲ್ಲದಿದ್ದರೆ ಕಾಫಿ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಕಳ್ಳರ ಭಯ ಬೇರೆ. ಅದಕ್ಕಿಂತ ಹೆಚ್ಚಾಗಿ, ಕೊಯ್ಲಿನ ಹೊತ್ತಿಗೆ ಬಟವಾಡೆಗೆ ಕೈಸಾಲ ಕೊಟ್ಟವನು, ಮಗಳ ಮದುವೆಗೆ ಆದವನು ಆ ವ್ಯಾಪಾರಿಯೇ.

ತೂಕದ ಜಾಗದಲ್ಲಿ ನಡೆಯುವುದನ್ನೂ ಹೇಳಬೇಕು. ಚೆರ್ರಿ ಮೂಟೆ ಅಂದರೆ 50 ಕೆ.ಜಿ. ಸಿಪ್ಪೆ ತೆಗೆದಾಗ ಅದರಲ್ಲಿ 26 ಕೆ.ಜಿ. ಬೀಜ ಸಿಕ್ಕರೆ ಓಟಿ (ಔಟ್‌ಟರ್ನ್) 26. ವ್ಯಾಪಾರಿ ಮೂಟೆಗಳಿಂದ ಸ್ಯಾಂಪಲ್ ಎತ್ತಿ, ಪುಟ್ಟ ಯಂತ್ರದಲ್ಲಿ ಸಿಪ್ಪೆ ತೆಗೆದು, ಬೀಜ ತೂಗಿ, ತೇವ ಅಳೆಯುವ ಮೀಟರಿಗೆ ಹಾಕುತ್ತಾನೆ. ಸ್ಯಾಂಪಲ್ ಎತ್ತುವ ಕೈ ಅವನದು, ಯಂತ್ರ ಅವನದು, ಮೀಟರೂ ಅವನದೇ. ಬೀಜದ ದರ ಕಿಲೋಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಒಂದೇ ಒಂದು ಪಾಯಿಂಟ್ ಕಡಿಮೆ ಬರೆದರೂ ಮೂಟೆಗೆ 400, ನೂರು ಮೂಟೆಗೆ 40 ಸಾವಿರ ಹೋಯಿತು. ಪ್ರಾಮಾಣಿಕ ವ್ಯಾಪಾರಿಗಳು ಬೇಕಾದಷ್ಟಿದ್ದಾರೆ. ಆದರೆ ಅವರ ಅಳತೆಯನ್ನೂ ಬೆಳೆಗಾರ ಸುಮ್ನೆ ನಂಬಬೇಕಷ್ಟೆ.

ನಿಜವಾದ ಅಪಾಯ ಇರುವುದು ಇದರ ಮುಂದಿನ ಹಂತದಲ್ಲಿ. ದರ ನಿಗದಿಯಾಗದ ಕಾಫಿಯನ್ನು ಕೆಲವರು ಇಳಿಸಿಕೊಂಡ ವಾರದಲ್ಲೇ ಮಾರಿ ದುಡ್ಡು ಮಾಡಿಕೊಳ್ಳುತ್ತಾರೆ. ಅದು ಸೈಟಿಗೋ ಇನ್ನೊಂದು ವ್ಯವಹಾರಕ್ಕೋ ಹೋಗುತ್ತದೆ. ರೇಟು ಇಳಿದರೆ ಅವರಿಗೆ ಲಾಭ. ಸರ್ರನೆ ಏರಿದರೆ ಬೆಳೆಗಾರರೆಲ್ಲ ಒಟ್ಟಿಗೇ ಬಂದು ಲೆಕ್ಕ ಕೇಳುತ್ತಾರೆ. ಆಗ ಗೋದಾಮಿನಲ್ಲಿ ಕಾಫಿಯೂ ಇಲ್ಲ, ಗಲ್ಲಾದಲ್ಲಿ ದುಡ್ಡೂ ಇಲ್ಲ. ಬೆಳೆಗಾರ ಕಾದಿದ್ದ ಒಳ್ಳೆಯ ರೇಟೇ ಅವನನ್ನು ಮುಳುಗಿಸುತ್ತದೆ.

ಇನ್ನು 2019. ಪೂಲಿನ ಕಟ್ಟಳೆ ಹೋದ 1996ರಲ್ಲೇ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಿದ್ದರು. 2015ರಲ್ಲಿ ಕಂಪನಿ ಷೇರುಪೇಟೆಗೂ ಬಂತು. 2019ರ ಜುಲೈ 31ರಂದು ನೇತ್ರಾವತಿಯಲ್ಲಿ ಅವರ ಶವ ಸಿಕ್ಕಿತು. ಸಾವಿರಾರು ಜನಕ್ಕೆ ಕೆಲಸ ಕೊಟ್ಟವರು ಅಂತ ಇಲ್ಲಿನವರು ಇವತ್ತಿಗೂ ಗೌರವದಿಂದ ನೆನೆಯುತ್ತಾರೆ. ಆದರೆ ಲೆಕ್ಕದ ಪುಸ್ತಕ ಬೇರೆಯದೇ ಹೇಳಿತು. ಲಿಸ್ಟೆಡ್ ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಅನ್ನುವ, ಅವರದೇ ಕುಟುಂಬದ ಸಂಸ್ಥೆಗೆ ಹೋಗಿದೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ, ಕಂಪನಿಗೆ 26 ಕೋಟಿ ದಂಡ ಹಾಕಿತು. ಬಾಕಿಯನ್ನು ಬಡ್ಡಿ ಸಮೇತ ವಸೂಲಿ ಮಾಡಿ ಎಂದೂ ಸೂಚಿಸಿತು.

ಷೇರುದಾರರ ಪರವಾಗಿ ಕೇಳಲು ಸೆಬಿ ಇತ್ತು. ಚೀಟಿ ಹಿಡಿದ ಬೆಳೆಗಾರನ ಪರವಾಗಿ ಕೇಳುವವರು ಯಾರು? ಚೆಕ್ ಇದ್ದು ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದೆ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಆಮೇಲೆ 15 ದಿನ ಕಾದು ಕೋರ್ಟಿಗೆ ಹೋಗಬಹುದು. ಬರೀ ಚೀಟಿಗೆ ಆ ದಾರಿಯೂ ಇಲ್ಲ. ಅಷ್ಟಕ್ಕೂ ಮೂಟೆ ಇಳಿಸುವಾಗ ಚೆಕ್ ಕೇಳಿ ನೋಡಿ. ‘ಏನ್ ಗೌಡ್ರೇ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಅನ್ನುತ್ತಾರೆ.

2007ರ ಉಗ್ರಾಣ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ. ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟರೆ ಕಾನೂನಿನ ಬೆಲೆ ಇರುವ ರಸೀದಿ ಸಿಗುತ್ತದೆ. ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು. ಮಾಲು ಇಟ್ಟವನದೇ, ಮಾರುವ ದಿನವೂ ಅವನ ಇಷ್ಟ. ಆದರೆ ಕೊಯ್ಲಿಗೆ ಮುಂಗಡ ಕೊಟ್ಟ ವ್ಯಾಪಾರಿ, ಕಾಫಿ ತನ್ನ ಗೋದಾಮಿಗೇ ಬರಬೇಕು ಅಂತ ಡಿಸೆಂಬರಿನಲ್ಲೇ ಹೇಳಿ ಹೋಗಿರುತ್ತಾನೆ.