ಶೆಟ್ಟಿಹಳ್ಳಿಯ ಹೂಳು, ಕಡಲಂಚಿನ ಹೂಳು

ಬೇಸಿಗೆಯಲ್ಲಿ ಗೊರೂರು ಡ್ಯಾಮಿನ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತ ಒಮ್ಮೆ ನಡೆದು ನೋಡಿ. ಹೂಳು ಒಣಗಿ, ಬಿರುಕು ಬಿಟ್ಟು, ಹೆಂಚಿನ ಚೂರುಗಳ ಹಾಗೆ ಅಂಚು ಮೇಲೆತ್ತಿಕೊಂಡಿರುತ್ತದೆ. ಒಂದು ಚೂರು ಎತ್ತಿ ಮುಟ್ಟಿ ನೋಡಿ. ಕೆಳಗಡೆ ಬೆರಳಿಗೆ ತರಿತರಿಯಾಗಿ ಸಿಗುವ ಮರಳು, ಮೇಲೆ ಗಂಧ ತೇಯ್ದ ಹಾಗೆ ನುಣುಪಾದ ಮಣ್ಣು. ಮಳೆಗಾಲದಲ್ಲಿ ರಾಡಿಯಾಗಿ ಬಂದ ಹೇಮಾವತಿ ನಿಂತ ಜಾಗದಲ್ಲಿ ಭಾರವಾದದ್ದನ್ನು ಮೊದಲು ಇಳಿಸಿದಳು, ಹಗುರವಾದದ್ದನ್ನು ಆಮೇಲೆ.

ಇದೇ ಕೆಲಸ ಕೋಟಿಗಟ್ಟಲೆ ವರ್ಷ ನಡೆದರೆ?

ಸಕಲೇಶಪುರದ ಬಿಸಿಲೆ ಕಡೆಯ ದಿಣ್ಣೆಯ ಒಂದು ಪಕ್ಕಕ್ಕೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಮುಟ್ಟುತ್ತದೆ. ಇನ್ನೊಂದು ಪಕ್ಕದ್ದು ಹೇಮಾವತಿ, ಕಾವೇರಿ ಅಂತ ಸುತ್ತಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ. ನಮ್ಮ ಮಣ್ಣು ಎರಡೂ ಕಡಲಿಗೆ ಹೋಗುತ್ತದೆ. ಈ ಎರಡೂ ಕರಾವಳಿ, ಖಂಡ ಬಟ್ಟೆಯ ಹಾಗೆ ಹರಿದು ಬೇರೆಯಾದಾಗ ಉಳಿದ ಅಂಚುಗಳೇ. ಪೂರ್ವದ ಅಂಚು ಸುಮಾರು 13 ಕೋಟಿ ವರ್ಷದ ಹಿಂದೆ ಅಂಟಾರ್ಕ್ಟಿಕಾದಿಂದ ಬೇರೆಯಾಯಿತು, ಪಶ್ಚಿಮದ್ದು ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್‌ನಿಂದ. ಭೂಫಲಕದ, ಅಂದರೆ ನೆಲ ಮತ್ತು ಕಡಲತಳ ಹೊತ್ತು ನಿಧಾನಕ್ಕೆ ಸರಿಯುವ ದೈತ್ಯ ಬಂಡೆಹಾಳೆಯ, ಗಡಿ ಈಗ ಅಲ್ಲಿಂದ ಬಹಳ ದೂರ. ಅದಕ್ಕೇ ಇಂಥ ಕಡೆಗೆ ಪ್ಯಾಸಿವ್ ಮಾರ್ಜಿನ್, ಅಂದರೆ ಸುಮ್ಮನಿರುವ ಅಂಚು, ಅನ್ನುತ್ತಾರೆ.

ಆದರೆ ಅದು ಪೂರ್ತಿ ಸುಮ್ಮನಿಲ್ಲ, ಕುಸಿಯುತ್ತಾ ಇರುತ್ತದೆ. ಖಂಡ ಹರಿದು ಬೇರೆಯಾಗುವಾಗ ಅಲ್ಲಿನ ನೆಲ ಎಳೆದ ಹಿಟ್ಟಿನ ಹಾಗೆ ತೆಳುವಾಗುತ್ತದೆ, ಕೆಳಗಿನ ಬಿಸಿಗೆ ಉಬ್ಬಿಕೊಂಡಿರುತ್ತದೆ. ಆಮೇಲೆ ಕೋಟ್ಯಂತರ ವರ್ಷ ತಣ್ಣಗಾಗುತ್ತಾ, ಕುಗ್ಗುತ್ತಾ ಇಳಿಯುತ್ತದೆ. ಇಳಿದ ಜಾಗಕ್ಕೆ ನದಿಗಳು ಮಣ್ಣು ತಂದು ಸುರಿಯುತ್ತವೆ, ಆ ಮಣ್ಣಿನ ಭಾರಕ್ಕೆ ನೆಲ ಇನ್ನಷ್ಟು ಜಗ್ಗುತ್ತದೆ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು: 1 ಕಿಲೋಮೀಟರ್ ಆಳದ ನೀರನ್ನು ಮಣ್ಣಿನಿಂದ ತುಂಬಿಸಲು ಹೊರಟರೆ 1 ಕಿಲೋಮೀಟರ್ ಮಣ್ಣು ಸಾಲದು, ತಳವೇ ತಗ್ಗುತ್ತಾ ಹೋಗುವುದರಿಂದ 2 ಕಿಲೋಮೀಟರ್‌ಗೂ ಜಾಸ್ತಿ ಬೇಕು. ಕಾವೇರಿಯ ಮುಂದಿನ ಕಡಲಲ್ಲಿ ಕೆಲವೆಡೆ 5 ಕಿಲೋಮೀಟರ್‌ಗಿಂತ ದಪ್ಪ ಪದರ ಕೂತಿರುವುದು ಹೀಗೆ. ಸುಮ್ಮನಿರುವ ಅಂಚುಗಳಲ್ಲಿ ಎಷ್ಟೋ ಕಡೆ ಬಾವಿ ಕೊರೆದಾಗ ಕಿಲೋಮೀಟರ್‌ಗಟ್ಟಲೆ ಆಳದಲ್ಲೂ ಆಳವಿಲ್ಲದ ನೀರಲ್ಲಿ ಬದುಕುವ ಜೀವಿಗಳ ಚಿಪ್ಪು ಸಿಗುತ್ತದೆ. ಕಡಲು ಅಷ್ಟು ಆಳವಾಗಿ ಇರಲೇ ಇಲ್ಲ, ತುಂಬಿದ ಹಾಗೆಲ್ಲ ನೆಲವೇ ಕೆಳಗಿಳಿದಿದೆ!

ಎಲ್ಲ ಮಣ್ಣೂ ದಡದ ಹತ್ತಿರವೇ ನಿಲ್ಲುವುದಿಲ್ಲ. ಸುಮಾರು 20 ಸಾವಿರ ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಆಗ ನದಿಗಳು ಈಗ ನೀರಡಿ ಇರುವ ಬಯಲು ದಾಟಿ ಆಳಕ್ಕೆ ಇಳಿಜಾರಾಗುವ ತುದಿಯವರೆಗೂ ಹರಿದವು. ಅಂಥ ತುದಿಯಲ್ಲಿ ರಾಶಿ ಬಿದ್ದದ್ದು ಒಂದು ದಿನ ಜಾರುತ್ತದೆ. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದಕ್ಷಿಣಕ್ಕೆ ಭೂಕಂಪ ಆದಾಗ ಕಡಲಡಿಯ ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಇಳಿಜಾರಿನ ಕೆಳಗಿನವು ಒಂದೊಂದಾಗಿ, ಗಂಟೆಗಟ್ಟಲೆ ಅಂತರದಲ್ಲಿ. ಯಾಕೆ ಅಂತ 1952ರಲ್ಲಿ ಕಡಲತಳ ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಗಳಾದ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ವಿವರಿಸಿದರು. ಕೆಸರು ಬೆರೆತ ಭಾರದ ನೀರು ತಳಕ್ಕಂಟಿ ನುಗ್ಗುತ್ತಾ, ದಾರಿಯಲ್ಲಿ ಸಿಕ್ಕ ಕೇಬಲ್‌ಗಳನ್ನು ಕಡಿಯುತ್ತಾ ಹೋಗಿತ್ತು. ಕೇಬಲ್ ಕಡಿದ ಹೊತ್ತು ಗೊತ್ತಿದ್ದರಿಂದಲೇ ಅದರ ವೇಗ ಲೆಕ್ಕ ಹಾಕಲು ಆಯಿತು. ಇಂಥ ಪ್ರವಾಹ ಆಳದ ಬಯಲಲ್ಲಿ ನಿಂತಾಗ ಬಿಡುವ ಪದರದಲ್ಲೂ ತಳದಲ್ಲಿ ದಪ್ಪ ಮರಳು, ಮೇಲೆ ನುಣುಪು ಮಣ್ಣು. ಶೆಟ್ಟಿಹಳ್ಳಿಯ ಆ ಚೂರಿನ ಹಾಗೇ ಅಲ್ವಾ?

ಈಗ ನದಿಯ ದಾರಿಯಲ್ಲಿ ಡ್ಯಾಮ್‌ಗಳಿವೆ. ಗೊರೂರು ದಾಟಿದರೆ ಕೆಆರ್‌ಎಸ್, ಅದೂ ದಾಟಿದರೆ ಮೆಟ್ಟೂರು. ಕಾವೇರಿಯ ಮುಂದಿನ ಕಡಲ ತಳ ಈಗಲೂ ನಿಧಾನಕ್ಕೆ ಇಳಿಯುತ್ತಿದೆ. ಅದನ್ನು ತುಂಬಬೇಕಿದ್ದ ಮಣ್ಣಿನಲ್ಲಿ ಒಂದು ಪಾಲು ಚರ್ಚಿನ ಗೋಡೆಯ ಬುಡದಲ್ಲೇ ಕೂತಿದೆ.